ಗೆರೆಯ ಹೊರಗಿನ ಗುರು

ಫುಟ್‌ಬಾಲ್ ಪಂದ್ಯದಲ್ಲಿ ಗೋಲು ಹೊಡೆದವನ ಹೆಸರು ಮನೆಮನೆಯ ಮಾತಾಗುತ್ತದೆ. ಆದರೆ ಗೆರೆಯ ಹೊರಗೆ ನಿಂತು ಹನ್ನೊಂದು ಮಂದಿಯನ್ನು ಒಂದೇ ಮನಸ್ಸಿನವರನ್ನಾಗಿ ಮಾಡಿದ ಗುರುವಿಗೆ ಯಾರ ಲೆಕ್ಕದಲ್ಲಿ ಜಾಗ? ಹೆಸರಿನಲ್ಲೇ ‘ಗುರು’ ಇರುವ ಊರಿನವನಾದ ನನ್ನನ್ನು ಈ ಪ್ರಶ್ನೆ ಕಾಡುವುದು ಸಹಜವೇ ಸರಿ.

ನಮ್ಮ ಗುರುಗುಂಟಾ ಲಿಂಗಸುಗೂರು ಸೀಮೆಯದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವ ತನಕ ಹೈದರಾಬಾದಿಗೆ ಒಳಪಟ್ಟಿದ್ದಿತು. ಆ ಹೈದರಾಬಾದಿನವರೇ ಸೈಯದ್ ಅಬ್ದುಲ್ ರಹೀಮರು. 1909ರಲ್ಲಿ ಜನಿಸಿದ ಅವರು ವೃತ್ತಿಯಿಂದ ಶಾಲಾ ಮಾಸ್ತರರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ರೋವರ್ಸ್ ಕಪ್ಪನ್ನು ಗೆದ್ದಿತು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೆ ಚಿನ್ನ ಬಂದಾಗಲೂ ಗುರುಗಳು ಇವರೇ.

ಗೆದ್ದಾಗ ಗುರುವಾಗುವುದು ಸುಲಭ. ಮರುವರ್ಷ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ ಹತ್ತು ಗೋಲು ಹೊಡೆಯಿತು. ನಮಗೆ ದಕ್ಕಿದ ಒಂದೇ ಗೋಲು ಬೆಂಗಳೂರಿನ ಅಹಮದ್ ಖಾನರದು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಆ ಸೋಲಿನ ತರುವಾಯ ಬೂಟು ಕಡ್ಡಾಯವಾಯಿತು. ರಹೀಮರ ಪಾಠಕ್ರಮವೂ ಮಾಸ್ತರರದೇ. ಬಲಗಾಲಿನಿಂದ ಆಡಿ ರೂಢಿಯಾದವನು ಎಡಗಾಲಿನಿಂದ ಒದೆಯಬೇಕು. ಚೆಂಡನ್ನು ತಾನೇ ಇಟ್ಟುಕೊಂಡು ಮೆರೆಯುವವನು ಅದನ್ನು ಒಡನೆಯೇ ಸಂಗಡಿಗನಿಗೆ ದಾಟಿಸಬೇಕು.

ನಮ್ಮ ಸೀಮೆ ಮೈಸೂರನ್ನು ಸೇರಿದ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಆ ಪಾಠ ಫಲ ಕೊಟ್ಟಿತು. ಮೆಲ್ಬೋರ್ನಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ಮೂರು ಗೋಲು ನೆವಿಲ್ ಡಿಸೋಜರವು. ಕಡೆಗೆ ಆ ಒಲಿಂಪಿಕ್ಸಿನಲ್ಲಿ ನಮಗೆ ನಾಲ್ಕನೆಯ ಸ್ಥಾನ ದೊರೆಯಿತು.

1962ರಲ್ಲಿ ಜಕಾರ್ತಕ್ಕೆ ಹೊರಟಾಗ ಕ್ಯಾನ್ಸರ್ ಅವರ ದೇಹವನ್ನು ತಿನ್ನುತ್ತಿದ್ದಿತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದೆದುರು ಸೋಲು. ರಕ್ಷಣೆಯ ಆಧಾರವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತು. ರಹೀಮರು ಅವರನ್ನು ಕೈಬಿಡಲಿಲ್ಲ. ಹಿಂದಿನಿಂದ ತೆಗೆದು ಮುಂಪಡೆಯಲ್ಲಿ ನಿಲ್ಲಿಸಿದರು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಅದೇ ಕೊರಿಯದ ಮೇಲೆ ಪಿ. ಕೆ. ಬ್ಯಾನರ್ಜಿಯವರದೊಂದು ಗೋಲು, ಜರ್ನೈಲರದೊಂದು, 2–1ರ ಜಯ! ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು, ಮಾಸ್ತರರು ತೀರಿಕೊಂಡರು.

ಆ ಬದುಕಿನ ಮೇಲೆ 2024ರಲ್ಲಿ ‘ಮೈದಾನ್’ ಎಂಬ ಹಿಂದಿ ಚಿತ್ರ ಬಂದಿತು. ಸಂತೋಷವೇ. ಆದರೆ ನಮ್ಮ ಮನೆಗಳಲ್ಲಿ ಗಣಿತದ ಮಾಸ್ತರರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಡ್ರಿಲ್ ಮಾಸ್ತರರ ಹೆಸರನ್ನು ಮಕ್ಕಳ ಬಾಯಿಂದ ಕೇಳಿ ತಿಳಿದ ತಂದೆತಾಯಂದಿರು ಎಷ್ಟು ಮಂದಿ? ಇಂದು ಸಂಜೆ ಮಗು ಧೂಳು ಮೆತ್ತಿದ ಕಾಲಿನಲ್ಲಿ ಮನೆಗೆ ಬಂದಾಗ ಗದರಿಸುವ ಮುನ್ನ ಅದೊಂದನ್ನು ಕೇಳಬಾರದೇ?