ಹಲ್ಲಿಂಗ್ ಮಿಲ್ಲಿನ ದೂಳು

ನಮ್ಮ ಬೆಳಗೋಡು ಕಡೆ ಯಾರಿಗೆ ಉಬ್ಬಸ ಬಂದರೂ ಮಳೆಯನ್ನೇ ದೂರುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಜೂನ್ ಹಿಡಿದರೆ ಸೆಪ್ಟೆಂಬರ್ ಕಳೆಯುವವರೆಗೆ ಗೋಡೆ ಒಣಗುವುದಿಲ್ಲ. ಕಂಬಳಿ, ಚಾಪೆ, ದೇವರ ಪಟದ ಹಿಂಬದಿ, ಎಲ್ಲಕ್ಕೂ ಬೂಷ್ಟು. ಹಸಿ ಸೌದೆ ಒಣಗುವುದು ಒಲೆಯ ಮೇಲಿನ ಅಟ್ಟದಲ್ಲಿ, ಬಟ್ಟೆಯೂ ಅದೇ ಹೊಗೆಯಲ್ಲಿ. ನಾನು ಬೆಳೆದ ಲೈನ್ ಮನೆಗೆ ಇದ್ದದ್ದು ಒಂದೇ ಕಿಟಕಿ. ಅವ್ವನಿಗೂ ಉಬ್ಬಸ. ಹೆತ್ತವರಿಗಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು, ಹೊಗೆ ಮತ್ತು ಬೂಷ್ಟು ಅದಕ್ಕೆ ಇನ್ನಷ್ಟು ದಾರಿ ಮಾಡುತ್ತವೆ ಎಂದು ಡಾಕ್ಟರು ಆಮೇಲೆ ಹೇಳಿದರು. ಇಷ್ಟಿದ್ದೂ ಮಕ್ಕಳು ದೊಡ್ಡವರಾಗುವವರೆಗೆ ನನಗೇನೂ ಆಗಿರಲಿಲ್ಲ.

ಶುರುವಾದದ್ದು ಕಾಫಿ ಬೀಜದ ಹೊಟ್ಟು ಬಿಡಿಸುವ ಹಲ್ಲಿಂಗ್ ಮಿಲ್ಲಿಗೆ ಸೇರಿದ ಮೇಲೆ. ಯಂತ್ರದ ಬುಡದಲ್ಲಿ ಬಿದ್ದ ಹೊಟ್ಟು ಗುಡಿಸುವುದು, ಚೀಲಕ್ಕೆ ತುಂಬುವುದು ನನ್ನ ಕೆಲಸ. ಮೊದಲ ಸುಗ್ಗಿಯಲ್ಲಿ ಮೂಗು ಸೋರಿತು, ಕಣ್ಣು ತುರಿಸಿತು. ಮುಂದಿನ ಸುಗ್ಗಿಗೆ ಎದೆ ಹಿಡಿಯಿತು. ನಡುರಾತ್ರಿ ಎದ್ದು ಕೂತರೆ ಬೆಳಗಿನವರೆಗೂ ಎದೆಯೊಳಗೆ ಸಿಳ್ಳೆ. "ಬಾಯಿಗೆ ಬಟ್ಟೆ ಕಟ್ಕೋ" ಎಂದರು ಮಿಲ್ಲಿನವರು. ಕಟ್ಟಿಕೊಂಡೆ. ಸಣ್ಣ ದೂಳಿಗೆ ಸೀರೆ ಸೆರಗು ಯಾವ ತಡೆ?

ಜನವರಿಯ ಒಂದು ರಾತ್ರಿ ಮಾತೇ ಹೊರಡಲಿಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ಸಕಲೇಶಪುರಕ್ಕೆ ಒಯ್ದರು. ಎಳೆದುಕೊಂಡ ಉಸಿರು ಹೊರಗೆ ಬರುತ್ತಿರಲಿಲ್ಲ. ತುಂಬಿದ ಎದೆಗೇ ಮತ್ತೆ ಎಳೆದುಕೊಳ್ಳಬೇಕು. ಸತ್ತೇ ಹೋಗುತ್ತೇನೆ ಅಂದುಕೊಂಡೆ. ನೆಬುಲೈಸರ್, ಆಮ್ಲಜನಕ ಕೊಟ್ಟ ಮೇಲೆ ಬೆಳಗಿನ ಜಾವಕ್ಕೆ ಮಗಳನ್ನು ಹೆಸರು ಹಿಡಿದು ಕರೆಯಲಾಯಿತು.

ಆಮೇಲೆ ತೋರಿಸಿಕೊಂಡ ಹಾಸನದ ಡಾಕ್ಟರಮ್ಮ ಕೇಳಿದರು: "ರಜೆ ದಿನ ಉಸಿರು ಹೇಗಿರುತ್ತಮ್ಮಾ?" ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಹಬ್ಬಕ್ಕೆ ತವರಿಗೆ ಹೋದಾಗಲೆಲ್ಲ ನಿದ್ದೆ ಚೆನ್ನಾಗಿ ಬರುತ್ತಿತ್ತು, ಮಿಲ್ಲಿಗೆ ಮರಳಿದರೆ ಮತ್ತೆ ಅದೇ ಪಾಡು. ಹುರಿಯದ ಕಾಫಿ ಬೀಜದ ದೂಳು ಕೆಲವರ ಮೈಗೆ ಒಗ್ಗುವುದಿಲ್ಲ, ಹುರಿದಾಗ ಆ ಗುಣ ಬಹುಪಾಲು ಹೋಗುತ್ತದೆ ಎಂದು ವಿವರಿಸಿದರು. ಕಾಫಿ ಕುಡಿಯುವವರಿಗೆ ಇದು ತಿಳಿಯದಿರುವುದು ಅದಕ್ಕೇ.

ಈಗ ದಿನವೂ ಇನ್‌ಹೇಲರ್ ಎಳೆದುಕೊಳ್ಳುತ್ತೇನೆ, ಮಿಲ್ಲು ಬಿಟ್ಟು ನರ್ಸರಿಯಲ್ಲಿ ಸಸಿ ತೊಟ್ಟೆಗೆ ಮಣ್ಣು ತುಂಬುತ್ತೇನೆ. ಕೂಲಿ ಕಡಿಮೆ. ಕೆಲಸದಿಂದ ಬರುವ ಅಸ್ತಮಾ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ರೋಗಪಟ್ಟಿಯಲ್ಲೇ ಇತ್ತು ಎಂದು ಮಗಳು ಓದಿ ಹೇಳಿದಳು. ಆ ಮಾತು ಮಿಲ್ಲಿನಲ್ಲಿ ಯಾರ ಬಾಯಿಂದಲೂ ನಾನು ಕೇಳಿದ್ದಿಲ್ಲ.

ನನ್ನ ಜಾಗಕ್ಕೆ ಬಂದ ಹುಡುಗಿಗೆ ಆಗಲೇ ಮೂಗು ಸೋರುತ್ತಿದೆ. ದೂಳಿನಿಂದ ಬೇಗ ದೂರವಾದಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚಂತೆ. ಮುಂದಿನ ವಾರ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ.