ಕೊರಿಯಾಮಾದ ಕೆರೆ, ಮನೆಯ ಗಾಜಿನ ತೊಟ್ಟಿ

ಜಪಾನಿನ ಪ್ರಾಚೀನ ರಾಜಧಾನಿ ನಾರಾಕ್ಕೆ ಹೋದವರು ಅಲ್ಲಿನ ಬೃಹತ್ ಬುದ್ಧನನ್ನೂ ಉದ್ಯಾನದ ಜಿಂಕೆಗಳನ್ನೂ ನೋಡಿಕೊಂಡು ಹಿಂತಿರುಗುವುದೇ ಹೆಚ್ಚು. ಅಲ್ಲಿಂದ ರೈಲಿನಲ್ಲಿ ಒಂದೇ ಒಂದು ನಿಲ್ದಾಣ ಮುಂದೆ ಹೋದರೆ ಕೊರಿಯಾಮಾ ಸಿಗುತ್ತದೆ. ಪೂರ್ಣ ಹೆಸರು ಯಾಮಾತೊಕೊರಿಯಾಮಾ. ಈ ಊರಿನ ಹೊಲಗಳಲ್ಲಿ ಭತ್ತದ ಜೊತೆಗೆ ಮೀನೂ ಬೆಳೆಯುತ್ತದೆ. ಅದು ತಿನ್ನುವ ಮೀನಲ್ಲ, ನೋಡುವ ಮೀನು! ಜಪಾನೀಯರು 'ಕಿಂಗ್ಯೊ' ಎನ್ನುವ ಚಿನ್ನದ ಮೀನು, ಅಂದರೆ ನಮ್ಮ ಅಂಗಡಿಗಳ ಗೋಲ್ಡ್ ಫಿಶ್.

ಊರಿನೊಳಗೆ ನಡೆದರೆ ಕಾಲಡಿಯ ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಚಿನ್ನದ ಮೀನಿನ ಚಿತ್ರ. ಹಿಂದೆ ನೀಲಿ ಬಣ್ಣ ಹಾಕುವವರು ವಾಸವಾಗಿದ್ದ ಕೊನ್ಯಾ ಬೀದಿಯಲ್ಲಿ ರಸ್ತೆಯ ನಡುವೆಯೇ ಒಂದು ಸಣ್ಣ ಕಾಲುವೆ ಹರಿಯುತ್ತದೆ. ಬಣ್ಣದ ಬಟ್ಟೆ ಜಾಲಿಸಲು ಮಾಡಿಕೊಂಡದ್ದು ಅದು. ಹಳೆಯ ಕೋಟೆಯ ಕಲ್ಲಿನ ಗೋಡೆಗಳು ಇಂದಿಗೂ ಇವೆ. ವಸಂತದಲ್ಲಿ ಅಲ್ಲಿ ಚೆರ್ರಿ ಹೂ ನೋಡಲು ಜನ ಸೇರುತ್ತಾರೆ.

ಕತ್ತಿ ಬಿಟ್ಟು ಬಲೆ ಹಿಡಿದವರು

ಚಿನ್ನದ ಮೀನಿನ ತವರು ಚೀನಾ. ಜಪಾನಿಗೆ ಅದು ಬಂದು ಸುಮಾರು 500 ವರ್ಷಗಳಾಗಿವೆ. ಕೊರಿಯಾಮಾಕ್ಕೆ ತಂದ ಕೀರ್ತಿ ಯಾನಗಿಸಾವಾ ಯೋಶಿಸಾತೊ ಎಂಬ ಪಾಳೆಯಗಾರನದು. 1724ರಲ್ಲಿ ಅವನನ್ನು ಕಾಯ್ ಪ್ರಾಂತ್ಯದಿಂದ ಇಲ್ಲಿಗೆ ವರ್ಗ ಮಾಡಿದಾಗ ಪರಿವಾರದ ಜೊತೆ ಮೀನುಗಳೂ ಬಂದವು ಎನ್ನುತ್ತಾರೆ. ಮೊದಲು ಅದು ಸಮುರಾಯ್ ಯೋಧರ ಹವ್ಯಾಸವಾಗಿತ್ತು. 1871ರಲ್ಲಿ ಪಾಳೆಯಪಟ್ಟುಗಳು ರದ್ದಾಗಿ ಯೋಧರ ಸಂಬಳಕ್ಕೆ ಕುತ್ತು ಬಂದಾಗ ಹವ್ಯಾಸವೇ ಅನ್ನದ ದಾರಿಯಾಯಿತು. ಕತ್ತಿ ಹಿಡಿದ ಕೈಗಳು ಬಲೆ ಹಿಡಿದವು. ರೈತರೂ ಅದೇ ಹಾದಿ ಹಿಡಿದರು.

ಊರು ಈ ಕಸುಬಿಗೆ ಹೇಳಿ ಮಾಡಿಸಿದಂತಿತ್ತು. ನಾರಾ ಬಯಲಿನಲ್ಲಿ ಮಳೆ ಕಡಿಮೆ. ಹಾಗಾಗಿ ನಮ್ಮ ಬಯಲುಸೀಮೆಯ ಹಿರಿಯರಂತೆ ಅಲ್ಲಿನ ರೈತರೂ ಗದ್ದೆಗೆ ನೀರುಣಿಸಲು ಕೆರೆಕಟ್ಟೆಗಳನ್ನು ತೋಡಿಕೊಂಡಿದ್ದರು. ಆ ಕೆರೆಗಳಲ್ಲಿ ತಾನಾಗಿ ಹುಟ್ಟುವ ಸೂಕ್ಷ್ಮ ನೀರುಹುಳುಗಳು ಮೀನುಮರಿಗಳಿಗೆ ಒಳ್ಳೆಯ ಆಹಾರವಾದವು.

ಈ ಮೀನುಕೊಳಗಳ ನೀರು ಗಾಜಿನಂತೆ ತಿಳಿಯಾಗಿರುವುದಿಲ್ಲ, ಪಾಚಿಯಿಂದ ಹಸಿರಾಗಿರುತ್ತದೆ. ಆದರೂ ಮೀನು ಚೆನ್ನಾಗಿರುತ್ತದೆ. ಮೀನು ಹೊರಹಾಕುವ ಕಲ್ಮಶವನ್ನು ಪಾಚಿ ಗೊಬ್ಬರವಾಗಿ ಹೀರಿಕೊಳ್ಳುತ್ತದೆ. ಉಳಿದದ್ದನ್ನು ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಅರಗಿಸುತ್ತವೆ. ಬಿಸಿಲು, ಗಾಳಿ, ವಿಶಾಲವಾದ ನೀರಿನ ಹರವು ಇವೆಲ್ಲ ಕೈಜೋಡಿಸುತ್ತವೆ. ಕೆರೆಯೇ ಅಲ್ಲಿ ಫಿಲ್ಟರ್.

ಚೀಲ ಮನೆ ಮುಟ್ಟಿದ ಮೇಲೆ

1995ರಿಂದ ಕೊರಿಯಾಮಾದಲ್ಲಿ ಆಗಸ್ಟ್ ತಿಂಗಳ ಹಬ್ಬವಾಗಿಬಿಟ್ಟಿರುವುದು ರಾಷ್ಟ್ರಮಟ್ಟದ ಮೀನು ಎತ್ತುವ ಸ್ಪರ್ಧೆ. ತೆಳು ಕಾಗದ ಅಂಟಿಸಿದ ಪುಟ್ಟ ಚೌಕಟ್ಟಿನಿಂದ 3 ನಿಮಿಷದಲ್ಲಿ ಎಷ್ಟು ಮೀನು ಎತ್ತಬಲ್ಲಿರಿ ಎಂಬುದೇ ಪಂದ್ಯ. ನೆನೆದ ಕಾಗದ ಹರಿದರೆ ಮುಗಿಯಿತು. ಜಪಾನಿನ ಬೇಸಿಗೆ ಜಾತ್ರೆಗಳಲ್ಲೆಲ್ಲ ಮಕ್ಕಳಿಗೆ ಈ ಆಟವೆಂದರೆ ಪ್ರಾಣ. ಎತ್ತಿದ ಮೀನನ್ನು ನೀರು ತುಂಬಿದ ಚೀಲದಲ್ಲಿ ಕಟ್ಟಿ ಕೊಡುತ್ತಾರೆ.

ಕೆರೆಯ ಮೀನು ಚೀಲದಲ್ಲಿ ಮನೆಗೆ ಬಂತು, ಕೆರೆ ಬರಲಿಲ್ಲ! ತೊಂದರೆ ಶುರುವಾಗುವುದೇ ಇಲ್ಲಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಅಂಗಡಿಗಳಿಂದ ಮಕ್ಕಳು ತರುವ ಮೀನಿನ ಕಥೆಯೂ ಇದೇ. ದುಂಡನೆಯ ಗಾಜಿನ ಬೋಗುಣಿಯಲ್ಲಿ ಎರಡು ಮೀನು, ದಿನಕ್ಕೆ ನಾಲ್ಕು ಸಲ ಕಾಳು. ಎರಡೇ ವಾರದಲ್ಲಿ ಒಂದು ತೇಲುತ್ತದೆ. ಮಗು ಅಳುತ್ತದೆ. "ಪಾಪ, ಅದರ ಆಯುಸ್ಸೇ ಅಷ್ಟು" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ.

ಅದರ ಆಯುಸ್ಸು ಅಷ್ಟಲ್ಲ. ಸರಿಯಾಗಿ ಸಾಕಿದರೆ ಚಿನ್ನದ ಮೀನು ಹತ್ತು ಹದಿನೈದು ವರ್ಷ ಬದುಕುತ್ತದೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಹುಡುಗನೊಬ್ಬ ಜಾತ್ರೆಯಲ್ಲಿ ಗೆದ್ದುಕೊಂಡ 'ಟಿಶ್' ಎಂಬ ಮೀನು 1999ರವರೆಗೆ, ಅಂದರೆ 43 ವರ್ಷ ಬಾಳಿ ಗಿನ್ನೆಸ್ ದಾಖಲೆಗೆ ಸೇರಿತು.

ಬೋಗುಣಿಯ ಮೀನನ್ನು ಕೊಲ್ಲುವುದು ಹೆಚ್ಚಾಗಿ ಅದರದೇ ಅಮೋನಿಯಾ. ಕಿವಿರುಗಳ ಮೂಲಕ ಸದಾ ಹೊರಬರುವ ಈ ವಿಷ ಕಣ್ಣಿಗೆ ಕಾಣದು. ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಇರಬಹುದು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲಿನ ಎರಡೂ ವಿಷ. ಮೂರನೆಯದು ಅಷ್ಟು ಅಪಾಯಕಾರಿಯಲ್ಲ. ಆಗಾಗ ನೀರು ಬದಲಿಸಿ ಅದನ್ನು ತಗ್ಗಿಸಬಹುದು. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದಕ್ಕಿಂತ ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಬಾಳುವುದೇ ಹೆಚ್ಚು.

ಬರಿ ತಳದ ಲೆಕ್ಕಾಚಾರ

ತೊಟ್ಟಿಯ ತಳಕ್ಕೆ ಕಲ್ಲುಹರಳು ಹಾಕದೆ ಬರಿ ಗಾಜನ್ನೇ ಬಿಡುವುದು ಚಿನ್ನದ ಮೀನು ಸಾಕುವ ಅನುಭವಿಗಳಲ್ಲಿ ರೂಢಿ. ಇದಕ್ಕೆ ಕಾರಣವೂ ಉಂಟು. ಸದಾ ತಳ ಕೆದಕುವ ಈ ಮೀನು ಹರಳನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಹರಳಿನ ಸಂದಿಯಲ್ಲಿ ಹಿಕ್ಕೆ, ಉಳಿದ ಕಾಳು ಸೇರಿ ಕೊಳೆಯುತ್ತವೆ. ಬರಿ ತಳದಲ್ಲಾದರೆ ಕೊಳೆ ಕಣ್ಣಿಗೆ ಬೀಳುತ್ತದೆ. ಒಂದು ಕೊಳವೆಯಿಂದ ನಿಮಿಷದಲ್ಲಿ ಎಳೆದು ತೆಗೆಯಬಹುದು.

ಆದರೆ ಹರಳಿನ ಜೊತೆಗೆ ಬ್ಯಾಕ್ಟೀರಿಯಾಗಳ ಮನೆಯೂ ಹೋಗುತ್ತದೆ. ಕೆರೆಯಲ್ಲಿ ಕೆಸರು ಮಾಡುತ್ತಿದ್ದ ಕೆಲಸವನ್ನೆಲ್ಲ ಇಲ್ಲಿ ಫಿಲ್ಟರ್ ಒಂದೇ ಹೊರಬೇಕು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ, "ಇದು ನೀರನ್ನು ಎಷ್ಟು ತಿಳಿ ಮಾಡುತ್ತದೆ?" ಎಂಬುದಲ್ಲ, "ಇದರಲ್ಲಿ ಬ್ಯಾಕ್ಟೀರಿಯಾಕ್ಕೆ ಎಷ್ಟು ಜಾಗವಿದೆ?" ಎಂಬುದು.

ಹರಳಿನಡಿ ಇಡುವ ಅಂಡರ್‌ಗ್ರಾವೆಲ್ ಫಿಲ್ಟರ್ ಇಲ್ಲಿ ಕೆಲಸಕ್ಕೆ ಬಾರದು; ಹರಳೇ ಇಲ್ಲವಲ್ಲ! ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಅಗ್ಗ. ಅದರ ಸಾವಿರಾರು ರಂಧ್ರಗಳು ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಮನೆ, ಸೆಳೆತವೂ ಸೌಮ್ಯ. ಆದರೆ ದಪ್ಪ ಹಿಕ್ಕೆಯನ್ನು ಎಳೆದುಕೊಳ್ಳುವ ಶಕ್ತಿ ಅದಕ್ಕೆ ಸಾಲದು. ತೊಟ್ಟಿಯ ಅಂಚಿಗೆ ತೂಗುಹಾಕುವ ಫಿಲ್ಟರ್ ಕೊಳೆಯನ್ನು ಚೆನ್ನಾಗಿ ಹಿಡಿಯುತ್ತದೆ, ತೊಳೆಯುವುದೂ ಸುಲಭ. ಹೊರಗೆ ಡಬ್ಬಿಯಂತೆ ಇಡುವ ಕ್ಯಾನಿಸ್ಟರ್‌ನಲ್ಲಿ ಜಾಗ ಧಾರಾಳ. ಬೆಲೆಯೂ ಹೆಚ್ಚು, ಬಿಚ್ಚಿ ತೊಳೆಯುವ ಶ್ರಮವೂ ಹೆಚ್ಚು.

3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಸುಮಾರು 190 ಲೀಟರ್ ಹಿಡಿಯುತ್ತದೆ. ಎರಡು ಮೂರು ದುಂಡು ಮೈಯ ಮೀನಿಗೆ ಇದು ಹಿತ. ಗಂಟೆಗೆ ತೊಟ್ಟಿಯ ನೀರಿನ ಐದರಿಂದ ಹತ್ತು ಪಟ್ಟು ಫಿಲ್ಟರ್ ಮೂಲಕ ಹಾಯಬೇಕೆಂಬುದು ಸಾಕುವವರ ಸಾಮಾನ್ಯ ಲೆಕ್ಕ. ಅಂದರೆ ಇಲ್ಲಿ 950ರಿಂದ 1900 ಲೀಟರ್. ಪೆಟ್ಟಿಗೆಯ ಮೇಲೆ ಬರೆದ ಅಂಕಿ ಹೆಚ್ಚಾಗಿ ಖಾಲಿ ಫಿಲ್ಟರಿನದು. ಸ್ಪಾಂಜು ತುಂಬಿ ಕೊಳೆ ಕಟ್ಟಿದಾಗ ಹರಿವು ಇಳಿಯುತ್ತದೆ. ಹಾಗೆಂದು ಹೊಳೆಯಂತೆ ನುಗ್ಗಿಸುವುದೂ ಸಲ್ಲದು. ಜೋಡಿ ಬಾಲದ ಮೀನು ಮಂದಗತಿಯದು, ಸೆಳೆತಕ್ಕೆ ಸೋತುಹೋಗುತ್ತದೆ. ನೀರು ಬೀಳುವ ಬಾಯನ್ನು ಗಾಜಿನ ಕಡೆ ತಿರುಗಿಸಿದರೆ ರಭಸ ಒಡೆಯುತ್ತದೆ, ಕೊಳೆ ಒಂದು ಮೂಲೆಗೆ ಸೇರುತ್ತದೆ. ಎಳೆಯುವ ಕೊಳವೆಯನ್ನು ಆ ಮೂಲೆಯಲ್ಲೇ ಇಡಬೇಕು.

ನಮ್ಮಲ್ಲಿ ಇನ್ನೊಂದು ಮಾತು: ಕರೆಂಟು. ಗಂಟೆಗಟ್ಟಲೆ ವಿದ್ಯುತ್ ಇಲ್ಲದಿದ್ದರೆ ಮುಚ್ಚಿದ ಕ್ಯಾನಿಸ್ಟರ್‌ನೊಳಗೆ ಆಮ್ಲಜನಕ ತೀರಿ ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ಸ್ಪಾಂಜ್ ಫಿಲ್ಟರನ್ನು ಬ್ಯಾಟರಿಯ ಏರ್ ಪಂಪಿನಿಂದಲೂ ನಡೆಸಬಹುದು. ಆದ್ದರಿಂದ ನಮ್ಮ ಮನೆಗಳಿಗೆ ಕೊಳೆ ಎಳೆಯಲು ತೂಗುವ ಫಿಲ್ಟರ್ ಒಂದು, ಜೊತೆಗೆ ಸ್ಪಾಂಜ್ ಫಿಲ್ಟರ್ ಒಂದು, ಈ ಜೋಡಿಯೇ ಮೇಲು. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಎರಡನ್ನೂ ಒಂದೇ ದಿನ ತೊಳೆಯಬಾರದು. ನಲ್ಲಿ ನೀರಿನಲ್ಲಂತೂ ತೊಳೆಯಲೇಬಾರದು. ಅದರ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ ಹಿಂಡಿದರೆ ಸಾಕು.

ಮೇಲಿನಿಂದ ನೋಡಿ ಮೆಚ್ಚುವುದಕ್ಕೆಂದೇ ಬೆಳೆಸಿದ ರಾಂಚು ತಳಿಯನ್ನು ಜಪಾನಿನ ಅನೇಕ ಪಳಗಿದ ಸಾಕಣೆಗಾರರು ಆಳವಿಲ್ಲದ ಬರಿ ತಳದ ತೊಟ್ಟಿಯಲ್ಲಿ, ಗಾಳಿಯ ಕೊಳವೆಯೊಂದನ್ನೇ ಇಟ್ಟು ಸಾಕುತ್ತಾರೆ. ಆದರೆ ಕೆಲವೇ ದಿನಗಳಿಗೊಮ್ಮೆ ನೀರು ಬದಲಿಸುತ್ತಾರೆ. ಅಲ್ಲಿ ಅವರ ಕೈಯೇ ಫಿಲ್ಟರ್. ಶಾಲೆ, ಕಚೇರಿಗಳ ನಡುವೆ ಅಷ್ಟು ಸಮಯವಿಲ್ಲದವರಿಗೆ ಯಂತ್ರ ಬೇಕು. ಯಂತ್ರವಿದ್ದರೂ ವಾರಕ್ಕೊಮ್ಮೆ ಕಾಲುಭಾಗದಿಂದ ಅರ್ಧಭಾಗ ನೀರು ಬದಲಿಸುವ ಕೆಲಸ ತಪ್ಪದು.

ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದಕ್ಕೆ ಚಿಟಿಕೆ ಕಾಳು ಹಾಕಿ ಕೊಳೆಯಬಿಡಬೇಕು. ಪರಿಚಿತರ ಆರೋಗ್ಯವಂತ ತೊಟ್ಟಿಯಿಂದ ಹಳೆಯ ಸ್ಪಾಂಜಿನ ತುಂಡು ಸಿಕ್ಕರೆ ಬೇಗ ಆಗುತ್ತದೆ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಏರಿ ಇಳಿಯುವುದನ್ನೂ, ನೈಟ್ರೈಟ್ ಅದರ ಹಿಂದೆಯೇ ಏರಿ ಇಳಿಯುವುದನ್ನೂ ಪಟ್ಟಿ ಮಾಡಿ ಗೆರೆ ಎಳೆದರೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅದೇ ಒಂದು ವಿಷಯ. ಎರಡೂ ಸೊನ್ನೆಗೆ ಇಳಿದ ದಿನ ಆ ಪುಟ್ಟ ತೊಟ್ಟಿ ಕೆರೆಯಾಯಿತೆಂದು ತಿಳಿಯಬೇಕು.

ಅಲ್ಲಿಯವರೆಗೆ ಅಂಗಡಿಯ ಮೀನು ಅಂಗಡಿಯಲ್ಲೇ ಇರಲಿ. ಮೊದಲು ತೊಟ್ಟಿ, ಆಮೇಲೆ ಫಿಲ್ಟರ್, ಆಮೇಲೆ ತಿಂಗಳೊಪ್ಪತ್ತಿನ ತಾಳ್ಮೆ. ಎಲ್ಲಕ್ಕಿಂತ ಕೊನೆಗೆ ಮೀನು.