ಮನೆಗಾಡಿಯ ಅಭಯಪತ್ರ

ಮನೆ ಕಟ್ಟಿದವನಿಗೆ ಸೂರು ಸೋರುವ ಚಿಂತೆ; ಗಾಡಿ ಇಟ್ಟವನಿಗೆ ಗಾಲಿ ಕೆಡುವ ಚಿಂತೆ. ಈ ಎರಡು ಚಿಂತೆಗಳೂ ಒಬ್ಬನ ತಲೆಗೇ ಬರಲೆಂದು ಮಾಡಿದಂಥ ವಾಹನವೊಂದು ಅಮೆರಿಕದಲ್ಲಿ ಬಹಳ ಬಳಕೆಯಲ್ಲಿದೆ. ಅವರು ಅದನ್ನು ಆರ್.ವಿ. ಎನ್ನುತ್ತಾರೆ, ನಾವು ಮನೆಗಾಡಿ ಎನ್ನೋಣ. ಮುಂದುಗಡೆ ಲಾರಿಯಂಥ ಎಂಜಿನ್ನು, ಹಿಂದುಗಡೆ ಸಂಸಾರ: ಒಲೆ, ಮಂಚ, ಸ್ನಾನದ ಮನೆ, ನೀರಿನ ತೊಟ್ಟಿ. ಗುಂಡಿ ಒತ್ತಿದರೆ ಗೋಡೆಯೇ ಹೊರಕ್ಕೆ ಸರಿದು ಕೋಣೆ ಅಗಲವಾಗುತ್ತದೆ. ಸರಿದ ಗೋಡೆ ಮತ್ತೆ ಒಳಕ್ಕೆ ಬಾರದಿದ್ದರೆ? ಆಗ ಅದು ಗಾಡಿಯಲ್ಲ, ಮನೆಯೇ.

ಮೂವತ್ತು ವರ್ಷ ಓಹಿಯೋದಲ್ಲಿ ದುಡಿದು ನಿವೃತ್ತನಾದ ಮೇಲೆ, ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಗಳನ್ನು ಅವಸರವಿಲ್ಲದೆ ನೋಡಬೇಕೆಂದು ನಾವೂ ಅಂಥದೊಂದನ್ನು ಕೊಂಡೆವು. ಏಳು ವರ್ಷದ ಹಳೆಯದು. ವ್ಯಾಪಾರ ಮುಗಿದ ಮೇಲೆ ಅಂಗಡಿಯವನು ಇನ್ನೊಂದು ಕಾಗದ ಮುಂದಿಟ್ಟ. 6,000 ಡಾಲರು ಕೊಟ್ಟರೆ ಐದು ವರ್ಷ ರಿಪೇರಿಯ ಖರ್ಚು ಕಂಪನಿಯದು. ಪ್ರತಿ ಸಲ ಮೊದಲ 200 ಮಾತ್ರ ನಮ್ಮದು. ಯೋಚಿಸಲು ಒಂದು ವಾರದ ಗಡುವು.

"ತಗೊಂಡುಬಿಡಿ ಅಂದ್ರೆ. ಈ ವಯಸ್ಸಿನಲ್ಲಿ ನಡುದಾರೀಲಿ ಕೆಟ್ಟು ನಿಂತರೆ ಯಾರನ್ನ ಹುಡುಕೋದು?" ಎಂದಳು ನನ್ನಾಕೆ. ಅವಳ ಭಯ ಸುಳ್ಳಲ್ಲ. ವಯೋಮಿಂಗಿನಲ್ಲಿ ಊರಿಂದೂರಿಗೆ ಇರುವ ದೂರ ಅಂಥದು. ಆದರೆ ಕೈಯಲ್ಲಿದ್ದ ಆರು ಸಾವಿರ, ಡಿಸೆಂಬರಿನಲ್ಲಿ ಹಾಸನಕ್ಕೆ ಹೋಗಲೆಂದು ತೆಗೆದಿರಿಸಿದ್ದು. ಅಲ್ಲಿ ನನ್ನ ತಾಯಿಗೆ ತೊಂಬತ್ತು ನಡೆಯುತ್ತಿದೆ.

ಕಾಗದವನ್ನು ಮೂರು ಸಲ ಓದಿದೆ. ಇದು ವಾರಂಟಿಯಲ್ಲ. ವಾರಂಟಿ ವಸ್ತುವಿನ ಬೆಲೆಯೊಳಗೇ ಸೇರಿ ಬರುತ್ತದೆ. ಬೇರೆ ಹಣ ತೆತ್ತು ಪಡೆಯುವುದು ಸೇವಾ ಕರಾರು. ಅಲ್ಲಿನ 1975ರ ಕಾಯಿದೆಯೇ ಈ ಭೇದವನ್ನು ಮಾಡಿದೆ. ಇದು ವಿಮೆಯೂ ಅಲ್ಲ. ಮರಕ್ಕೆ ಗುದ್ದಿದರೆ, ಬೆಂಕಿ ಬಿದ್ದರೆ ವಿಮೆ; ಯಂತ್ರ ತಾನಾಗಿ ಕೆಟ್ಟರೆ ಕರಾರು. ಕರಾರಿನಲ್ಲೂ ಎರಡು ಜಾತಿ. ಒಂದು, ಯಾವುದಕ್ಕೆ ಕೊಡುತ್ತೇವೆಂದು ಪಟ್ಟಿ ಮಾಡುತ್ತದೆ; ಇನ್ನೊಂದು, ಯಾವುದಕ್ಕೆ ಕೊಡುವುದಿಲ್ಲವೆಂದು. ಎರಡನೆಯದೇ ಹೆಚ್ಚು ಉದಾರವಾದದ್ದು. ನನಗೆ ಸಿಕ್ಕಿದ್ದು ಅದೇ. ಆ ಔದಾರ್ಯದ ಪಟ್ಟಿ ಮೂರು ಪುಟವಿತ್ತು!

ಟೈರಿಗಿಲ್ಲ. ಸೂರಿನ ಸೋರಿಕೆಗಿಲ್ಲ, ಅದರಿಂದ ಕೊಳೆತ ಗೋಡೆಗೂ ಇಲ್ಲ. ಮೊದಲೇ ಇದ್ದ ದೋಷಕ್ಕಿಲ್ಲ. ಎಣ್ಣೆ ಬದಲಾಯಿಸಿದ ರಸೀತಿ ಇಲ್ಲದಿದ್ದರೆ ಎಂಜಿನ್ನಿಗೂ ಇಲ್ಲ. ಅವರ ಅಪ್ಪಣೆಯಿಲ್ಲದೆ ಮೆಕ್ಯಾನಿಕ್ ತಿರುಪು ಬಿಚ್ಚಿದರೆ ಯಾವುದಕ್ಕೂ ಇಲ್ಲ. ಮನೆಗಾಡಿಗೆ ಮುಖ್ಯ ಶತ್ರು ನೀರು. ಓಡದೆ ನಿಂತರೂ ಟೈರಿನ ರಬ್ಬರಿಗೆ ಮುಪ್ಪು ಬರುತ್ತದೆ. ಅದರ ಪಕ್ಕೆಯ ಕೊನೆಯ ನಾಲ್ಕು ಅಂಕಿಗಳು ಹುಟ್ಟಿದ ವಾರವನ್ನೂ ವರ್ಷವನ್ನೂ ಹೇಳುತ್ತವೆ. ಈ ಎರಡಕ್ಕೂ ಮದ್ದು ನಮ್ಮ ಕಣ್ಣೇ ಹೊರತು ಕಾಗದವಲ್ಲ. ಗ್ಯಾಸಿನ ಉರಿಯಿಂದಲೇ ತಂಪು ಹುಟ್ಟಿಸುವ ಫ್ರಿಜ್ಜೂ ಅಷ್ಟೆ. ಗಾಡಿಯನ್ನು ವಾಲಿಸಿ ನಿಲ್ಲಿಸಿ ಬಹಳ ಹೊತ್ತು ಉರಿಸಿದರೆ ಕೆಡುತ್ತದೆ. ಸಮನೆಲ ಹುಡುಕಿ ನಿಲ್ಲಿಸಿದರೆ ಬಾಳುತ್ತದೆ.

ಕರಾರು ಮೋಸವೆಂದು ಹೇಳಲಾರೆ. ಗೇರುಪೆಟ್ಟಿಗೆಯೊಂದು ಹೋದರೆ ಸಾವಿರಾರು ಡಾಲರು ಬೇಕು. ಅಷ್ಟನ್ನು ಒಮ್ಮೆಗೇ ಹೊಂದಿಸಲಾರದವನಿಗೆ ಅದು ನಿಜವಾದ ಆಸರೆ. ಆದರೆ ಯೋಚಿಸಿದಷ್ಟೂ ಒಂದು ಮಾತು ಸ್ಪಷ್ಟವಾಯಿತು. ನನ್ನಾಕೆ ಹೆದರಿದ್ದು ಬಿಲ್ಲಿಗಲ್ಲ, ಒಂಟಿ ದಾರಿಗೆ. ಬಿಲ್ಲಿನ ಭಯಕ್ಕೆ ಮದ್ದು ಕೊಂಡು ದಾರಿಯ ಭಯ ವಾಸಿಯಾಗಲೆಂದರೆ ಹೇಗೆ? ಕೆಟ್ಟ ಗಾಡಿಯನ್ನು ಎಳೆದೊಯ್ಯುವ ಸೇವೆಗೆ ಬೇರೆಯೇ ವಾರ್ಷಿಕ ಚಂದಾ ಇದೆ. ಆರು ಸಾವಿರದ ಮುಂದೆ ಅದು ಚಿಲ್ಲರೆ. ಅದನ್ನು ಕಟ್ಟಿದೆವು.

ಉಳಿದದ್ದು ಬಿಲ್ಲಿನ ಭಯ. ತಿಂಗಳಿಗೆ 100 ಡಾಲರಿನಂತೆ ಬ್ಯಾಂಕಿನಲ್ಲಿ ಬೇರೆ ಖಾತೆಗೆ ಹಾಕಿದರೆ ಐದು ವರ್ಷಕ್ಕೆ ಅದೇ 6,000. ಗಾಡಿ ಕೆಡದಿದ್ದರೆ ದುಡ್ಡು ನಮ್ಮದಾಗಿಯೇ ಉಳಿಯುತ್ತದೆ. ಮೊದಲ ವರ್ಷವೇ ದೊಡ್ಡದೇನಾದರೂ ಕೆಟ್ಟರೆ, ಖಾತೆ ತುಂಬುವವರೆಗೆ ಗಾಡಿ ಅಂಗಳದಲ್ಲಿ ನಿಲ್ಲುತ್ತದೆ. ಇದಕ್ಕೆ ನನ್ನಾಕೆಯೂ ಒಪ್ಪಿದಳು. ಬುಗ್ಗೆಗಳೇನೂ ಆರಿಹೋಗುವುದಿಲ್ಲ.

ಅಂಗಡಿಯವನಿಗೆ ಬೇಡವೆಂದು ತಿಳಿಸಿ, ಹಾಸನದ ಪ್ರಯಾಣಕ್ಕೆ ಟಿಕೀಟು ತೆಗೆದೆ. ಕೆಟ್ಟ ಯಂತ್ರಕ್ಕೆ ಬದಲಿ ಯಂತ್ರ ಎಂದಾದರೂ ಸಿಕ್ಕೀತು. ಅಮ್ಮನಿಗೆ ಇನ್ನು ಐದು ವರ್ಷವೆಂದು ಯಾರು ಬರೆದುಕೊಡುತ್ತಾರೆ?